ಅಲೆಸಿಸ್ ಎಚ್‌ಆರ್-16: ಮನೆ ಸ್ಟುಡಿಯೋಗೆ ಸಾಕಾಗುವಷ್ಟು ಒಳ್ಳೆಯ, ಯಾರೂ ಕೇಳದ ಡ್ರಮ್ ಮಷೀನ್

ಹಳೇ ಡ್ರಮ್ ಮಷೀನ್ (ಬಟನ್ ಒತ್ತಿ ತಾಳ ಕಟ್ಟಿ ನುಡಿಸುವ ಪೆಟ್ಟಿಗೆ) ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರೋದು ರೋಲ್ಯಾಂಡ್ 808, ಇಲ್ಲಾಂದ್ರೆ 909. ಎರಡೂ ಚಿನ್ನದಂಥ ಮಷೀನ್‌ಗಳೇ. ಆದರೆ ಅಸಲಿ 808 ಬೇಕು ಅಂದ್ರೆ ಇವತ್ತು ಲಕ್ಷಗಟ್ಟಲೆ ಎಣಿಸಬೇಕು. ಅಷ್ಟು ದುಡ್ಡು ಇದ್ದರೂ ಚಿಕ್ಕಮಗಳೂರಿನ ಒಂದು ಸಣ್ಣ ರೂಮಿನಲ್ಲಿ ಜಾನಪದ, ಭಾವಗೀತೆ ರೆಕಾರ್ಡ್ ಮಾಡುವ ನನ್ನಂಥವನಿಗೆ ಅದರಿಂದ ಆಗುವ ಉಪಯೋಗ ಕಡಿಮೆ. ನನಗೆ ದಿನಾ ಕೆಲಸಕ್ಕೆ ಬರುತ್ತಿರೋದು 1987ರಲ್ಲಿ ಬಂದ ಅಲೆಸಿಸ್ ಎಚ್‌ಆರ್-16. ಅದರ ಬಗ್ಗೆ ನಮ್ಮ ಕಡೆ ಯಾರೂ ಮಾತಾಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಸಿಕ್ಕಿದ್ದು ಇಲ್ಲಿಯ ಒಂದು ವಾದ್ಯಗೋಷ್ಠಿ ತಂಡದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಹಿರಿಯರೊಬ್ಬರ ಹತ್ತಿರ. ಕೋಲಿನಲ್ಲಿ ಬಾರಿಸುವ ಎಲೆಕ್ಟ್ರಾನಿಕ್ ರಿದಮ್ ಪ್ಯಾಡ್ ಬಂದ ಮೇಲೆ ಇದು ಅಟ್ಟ ಸೇರಿತ್ತಂತೆ.

ಇದು ಬಂದ ಕಾಲವನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. 1980ರಲ್ಲಿ ಬಂದ ಲಿನ್ ಎಲ್‌ಎಂ-1 ನಿಜವಾದ ಡ್ರಮ್ಮಿನ ಸದ್ದನ್ನು ಚಿಪ್‌ನಲ್ಲಿ ಇಟ್ಟ ಮೊದಲ ಮಷೀನ್. ಅದು 8 ಬಿಟ್ (ಬಿಟ್ ಜಾಸ್ತಿ ಇದ್ದಷ್ಟೂ ಸದ್ದು ಸ್ಪಷ್ಟ), ಬೆಲೆ ಹತ್ತಿರ ಹತ್ತಿರ 5,000 ಡಾಲರ್. ದೊಡ್ಡ ಸ್ಟುಡಿಯೋಗಳಿಗೆ ಮಾತ್ರ ಸಿಗುವಂಥದ್ದು. ಏಳೇ ವರ್ಷಕ್ಕೆ ಎಚ್‌ಆರ್-16 ಬಂತು. 16 ಬಿಟ್ ಸದ್ದು, 49 ಬಗೆಯ ವಾದ್ಯ, ಬೆರಳಿನ ಬಿರುಸಿಗೆ ತಕ್ಕಂತೆ ಜೋರು ಮೆಲ್ಲಗೆ ಆಗುವ 16 ಪ್ಯಾಡ್, ಮಿಡಿ (ವಾದ್ಯ, ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ವ್ಯವಸ್ಥೆ), 100 ಪ್ಯಾಟರ್ನ್ (ಸುತ್ತಿ ಸುತ್ತಿ ಬರುವ ತಾಳದ ತುಣುಕು), 100 ಸಾಂಗ್ (ಆ ತುಣುಕುಗಳ ಸರಣಿ). ಮನೆಯಲ್ಲಿ ಹಾಡು ಮಾಡುವವರ ಕೈಗೆ ಎಟಕುವ ಬೆಲೆಗೆ ಇಷ್ಟೆಲ್ಲ ಸಿಕ್ಕಿತು. ಹಾಗಾಗಿ ತುಂಬಾ ಜನ ಕೊಂಡರು. ಅದೇ ಕಾರಣಕ್ಕೆ ಇವತ್ತು ಅದು ಅಪರೂಪದ ವಸ್ತು ಅಲ್ಲ, ಬೆಲೆಯೂ 808ರಷ್ಟು ಏರಿಲ್ಲ. ನಮಗೆ ಒಳ್ಳೆಯದೇ ಆಯಿತು ಅಲ್ವಾ?

ಸದ್ದಿನ ಬಗ್ಗೆ ಎಲ್ಲರೂ ಹೇಳುವ ದೂರು ಒಂದೇ: ಜಾಸ್ತಿ ಕ್ಲೀನ್, ತನ್ನದು ಅಂತ ಒಂದು ಗುಣ ಇಲ್ಲ. ಅದು ಕಿಕ್ (ಕಾಲಿನಲ್ಲಿ ಬಾರಿಸುವ ದೊಡ್ಡ ಡ್ರಮ್), ಸ್ನೇರ್ (ಚಟಾರ್ ಅನ್ನುವ ಚಿಕ್ಕ ಡ್ರಮ್) ಎರಡನ್ನೇ ಕೇಳಿ ಬಿಟ್ಟವರ ಮಾತು. ಟ್ಯೂನ್ ಬಟನ್ ಒತ್ತಿ ನೋಡಿ. ಪ್ರತಿ ವಾದ್ಯದ ಶ್ರುತಿಯನ್ನೂ ಬೇರೆ ಬೇರೆಯಾಗಿ ಏರಿಸಬಹುದು, ಇಳಿಸಬಹುದು. ಕೆಳಗೆ ಇಳಿಸಿದಷ್ಟೂ ಚಿಪ್‌ನಲ್ಲಿರುವ ಸದ್ದು ನಿಧಾನವಾಗಿ ಓಡುತ್ತದೆ, ಉದ್ದವಾಗುತ್ತದೆ, ಮೇಲಿನ ಚುರುಕು ಹೋಗಿ ಒಂದು ತರಹದ ಒರಟು ಗುಂಗು ಬರುತ್ತದೆ. ಕಾಂಗಾವನ್ನು (ಕೈಯಲ್ಲಿ ಬಾರಿಸುವ ಉದ್ದನೆಯ ಡ್ರಮ್) ಹೀಗೆ ಚೆನ್ನಾಗಿ ಕೆಳಗಿಳಿಸಿ, ಅದರ ಜೊತೆಗೆ ಕಿಕ್ ಅನ್ನು ತುಂಬಾ ಮೆಲ್ಲಗೆ ಸೇರಿಸಿ ಬಾರಿಸಿದರೆ ಚರ್ಮವಾದ್ಯದ ಎಡಗಡೆಯ ಗುಮ್ಮು ಸಿಗುತ್ತದೆ. ಇದು ಡೊಳ್ಳು ಅಂತಲೋ ಮೃದಂಗ ಅಂತಲೋ ನಾನು ಹೇಳುವುದಿಲ್ಲ, ಆ ವಾದ್ಯಗಳು ಇದರಲ್ಲಿ ಇಲ್ಲ. ಆದರೆ ಹಾಡಿನಲ್ಲಿ ಆ ಜಾಗವನ್ನು ತುಂಬುತ್ತದೆ. ಕೌಬೆಲ್ (ಲೋಹದ ಗಂಟೆ) ಅನ್ನು ಮೇಲಕ್ಕೆ ಏರಿಸಿದರೆ ಭಜನೆಯ ತಾಳದ ಕೆಲಸ ಮಾಡುತ್ತದೆ.

ನಮ್ಮ ಸಂಗೀತ ಮಾಡುವವರಿಗೆ ಇದರಲ್ಲಿ ನಿಜಕ್ಕೂ ಅನುಕೂಲವಾಗಿರುವ ಸಂಗತಿ ಬೇರೆ ಇದೆ. ಪ್ಯಾಟರ್ನ್‌ನ ಉದ್ದವನ್ನು ಬೀಟ್ ಲೆಕ್ಕದಲ್ಲಿ ಕೊಡುವುದು. ನಾಲ್ಕು ಬೀಟಿನ ಚೌಕಟ್ಟಿಗೇ ಬರಬೇಕು ಅನ್ನುವ ಹಟ ಇದಕ್ಕಿಲ್ಲ. ಏಳು ಅಕ್ಷರದ ಮಿಶ್ರ ಛಾಪು ತಾಳ ಬೇಕಾದರೆ ಉದ್ದ 7 ಅಂತ ಕೊಡಿ, ಟೆಂಪೋ ಜಾಸ್ತಿ ಇಟ್ಟುಕೊಳ್ಳಿ, ಯಾಕಂದ್ರೆ ಒಂದೊಂದು ಅಕ್ಷರವನ್ನೂ ಒಂದು ಬೀಟ್ ಅಂತ ಎಣಿಸುತ್ತಿದ್ದೇವೆ. ತಕಿಟ ತಕಧಿಮಿ ಅಂತ ಬಾಯಲ್ಲಿ ಹೇಳಿಕೊಳ್ಳುತ್ತಾ 1ಕ್ಕೆ ಕಿಕ್, 4ಕ್ಕೆ ಮತ್ತು 6ಕ್ಕೆ ಆ ಇಳಿಸಿದ ಕಾಂಗಾ ಬಾರಿಸಿ. ಮಷೀನ್ ಸುತ್ತು ಹೊಡೆಯುತ್ತಲೇ ಇರುತ್ತದೆ, ನೀವು ಒಂದೊಂದೇ ವಾದ್ಯ ಸೇರಿಸುತ್ತಾ ಹೋಗಬಹುದು. ಕಿಕ್‌ಗೆ ಕ್ವಾಂಟೈಸ್ (ಬಾರಿಸಿದ್ದನ್ನು ತಾಳಕ್ಕೆ ಸರಿಯಾಗಿ ಕೂರಿಸುವ ಸೌಲಭ್ಯ) ಇರಲಿ. ಕಾಂಗಾ ಬಾರಿಸುವಾಗ ಅದನ್ನು ಆಫ್ ಮಾಡಿ. ಬೆರಳು ಒಂದು ಚೂರು ತಡವಾಗಿ ಬಿದ್ದದ್ದು ಹಾಗೇ ಉಳಿದರೆ ಹಾಡಿಗೆ ನಡೆ ಬರುತ್ತದೆ. ಕಂಪ್ಯೂಟರಿನಲ್ಲಿ ಮೌಸ್ ಹಿಡಿದು ಚುಕ್ಕಿ ಇಟ್ಟರೆ ಈ ನಡೆ ಬರುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆಕ್ಟೋಪ್ಯಾಡ್ (ಒಂದು ಬಗೆಯ ರಿದಮ್ ಪ್ಯಾಡ್) ಇರುವವರು ಮಿಡಿ ಕೇಬಲ್ ಹಾಕಿ ಕೋಲಿನಲ್ಲೇ ಇದನ್ನು ನುಡಿಸಬಹುದು, ಅದು ಇನ್ನೂ ಚೆಂದ.

ಮಷೀನಿನ ಹಿಂದೆ ನಾಲ್ಕು ಔಟ್‌ಪುಟ್ ಇವೆ. ಮೇನ್ ಎಡ ಬಲ, ಆಕ್ಸ್ ಎಡ ಬಲ. ಕಿಕ್ ಅನ್ನು ಆಕ್ಸ್‌ಗೆ ಕಳಿಸಿ ಪೂರ್ತಿ ಎಡಕ್ಕೆ ಪ್ಯಾನ್ ಮಾಡಿ (ಸದ್ದನ್ನು ಎಡಗಡೆಗೇ ತಿರುಗಿಸಿ), ಸ್ನೇರ್ ಅನ್ನೂ ಆಕ್ಸ್‌ಗೇ ಕಳಿಸಿ ಪೂರ್ತಿ ಬಲಕ್ಕೆ, ಉಳಿದದ್ದನ್ನು ಮೇನ್‌ನಲ್ಲಿ ಬಿಡಿ. ಕಿಕ್, ಸ್ನೇರ್ ಎರಡೂ ಬೇರೆ ಬೇರೆ ಟ್ರ್ಯಾಕ್‌ಗೆ ಬರುತ್ತವೆ. ಎರಡೇ ಇನ್‌ಪುಟ್ ಇರುವ ಇಂಟರ್ಫೇಸ್ (ಸದ್ದನ್ನು ಕಂಪ್ಯೂಟರಿಗೆ ಸೇರಿಸುವ ಪೆಟ್ಟಿಗೆ) ಆದರೆ ಮಿಡಿ ಕ್ಲಾಕ್ (ಎರಡನ್ನೂ ಒಂದೇ ವೇಗದಲ್ಲಿ ಓಡಿಸುವ ಸಂಕೇತ) ಕೊಟ್ಟು ಎರಡು ಸಲ ಓಡಿಸಿ ರೆಕಾರ್ಡ್ ಮಾಡಿಕೊಳ್ಳಿ. ರಿವರ್ಬ್ (ದೊಡ್ಡ ಕೋಣೆಯಲ್ಲಿ ಕೇಳುವಂಥ ಮಾರ್ದನಿ) ಮಷೀನಿನೊಳಗೆ ಇಲ್ಲ, ಹೊರಗೆ ಹಾಕಿಕೊಳ್ಳಬೇಕು. ನನಗೆ ಅದೇ ಇಷ್ಟ.

ಇನ್ನು ಕರೆಂಟಿನ ವಿಷಯ, ಇದನ್ನು ದಯವಿಟ್ಟು ಗಮನ ಇಟ್ಟು ಓದಿ. ಇದಕ್ಕೆ ಬೇಕಾಗಿರುವುದು 9 ವೋಲ್ಟ್ ಎಸಿ. ಡಿಸಿ ಅಲ್ಲ. ಪಿನ್ ಸರಿಯಾಗಿ ಕೂರುತ್ತೆ ಅಂತ ಗಿಟಾರ್ ಪೆಡಲ್‌ಗೆ ಹಾಕುವ ಡಿಸಿ ಅಡಾಪ್ಟರ್ ಚುಚ್ಚಬೇಡಿ. ಅಂಗಡಿಯಲ್ಲಿ ಅಡಾಪ್ಟರ್ ಕೇಳಿದರೆ ಹತ್ತಕ್ಕೆ ಒಂಬತ್ತು ಸಲ ಡಿಸಿಯನ್ನೇ ಕೊಡುತ್ತಾರೆ. ಒರಿಜಿನಲ್ ಸಿಗದಿದ್ದರೆ ಟಿವಿ, ಆಂಪ್ಲಿಫೈಯರ್ ರಿಪೇರಿ ಮಾಡುವವರ ಹತ್ತಿರ ಹೋಗಿ 9-0-9, ಒಂದು ಆಂಪ್ ಟ್ರಾನ್ಸ್‌ಫಾರ್ಮರ್ ಕೇಳಿ. ನಡುವಿನ ತಂತಿ ಮತ್ತು ಒಂದು ಪಕ್ಕದ ತಂತಿ ತೆಗೆದುಕೊಂಡರೆ 9 ವೋಲ್ಟ್ ಎಸಿ ಸಿಕ್ಕಿತು. ಫ್ಯೂಸ್ ಹಾಕಿ, ಡಬ್ಬಿಯಲ್ಲಿ ಭದ್ರವಾಗಿ ಕೂರಿಸಿ ಕೊಡಲು ಅವರಿಗೇ ಹೇಳಿ. 230 ವೋಲ್ಟಿನ ಕಡೆ ನೀವು ಕೈ ಹಾಕಬೇಡಿ.

ನಮ್ಮ ಊರಿನ ಮಳೆಗಾಲ ಇಂಥ ಮಷೀನ್‌ಗಳಿಗೆ ಆಗಿಬರುವುದಿಲ್ಲ. ರಬ್ಬರ್ ಪ್ಯಾಡ್‌ಗಳ ಕೆಳಗಿನ ಕಾಂಟ್ಯಾಕ್ಟ್‌ಗಳಿಗೆ ಧೂಳು, ತೇವ ಹಿಡಿದರೆ ಒಂದು ಸಲ ಒತ್ತಿದ್ದಕ್ಕೆ ಎರಡು ಸದ್ದು ಬರುತ್ತದೆ, ಕೆಲವು ಸಲ ಬರುವುದೇ ಇಲ್ಲ. ಬಿಚ್ಚಿ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಮೆಲ್ಲಗೆ ಒರೆಸಿದರೆ ಬಹುತೇಕ ಸರಿಯಾಗುತ್ತದೆ. ಜೂನ್‌ನಿಂದ ನಾನು ಇದನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡುತ್ತೇನೆ. ಒಳಗಿನ ಬ್ಯಾಟರಿ ಖಾಲಿಯಾದರೆ ಮಾಡಿಟ್ಟ ಪ್ಯಾಟರ್ನ್ ಎಲ್ಲ ಹೋಗುತ್ತವೆ. ಮಿಡಿ ಮೂಲಕ ಕಂಪ್ಯೂಟರಿಗೆ ಬ್ಯಾಕಪ್ ತೆಗೆದಿಡಿ.

ಕೊರತೆಗಳೂ ಇವೆ. ಸಿಂಬಲ್‌ಗಳು ಬೇಗ ಮುಗಿದುಹೋಗುತ್ತವೆ, ಉದ್ದ ಗುಂಗು ಬೇಕಾದ ಕಡೆ ನಾನು ಬೇರೆ ಸದ್ದು ಹಾಕಿಕೊಳ್ಳುತ್ತೇನೆ. ಪ್ಯಾಡ್ ಚಿಕ್ಕವು. ಸ್ಕ್ರೀನ್ ಮಂಕು, ಸಂಜೆ ಮೇಲೆ ಪಕ್ಕದಲ್ಲಿ ದೀಪ ಬೇಕು. ಜೋರಾಗಿ ಬಾರಿಸಿದಾಗ ವಾದ್ಯದ ಸದ್ದಿನ ಗುಣವೇ ಬದಲಾಗುವ ಸೌಲಭ್ಯ ಅಲೆಸಿಸ್‌ನದೇ 1990ರ ಎಸ್‌ಆರ್-16ರಲ್ಲಿ ಬಂತು, ಇದರಲ್ಲಿ ಇಲ್ಲ. ಮೆಟಲ್, ರಾಕ್ ಮಾಡುವವರು ಎಸ್‌ಆರ್-16 ನೋಡುವುದೇ ವಾಸಿ. ಎಚ್‌ಆರ್-16ಬಿ ಅಂತ ಕಪ್ಪು ಬಣ್ಣದ್ದೂ ಒಂದಿದೆ, ಅದರ ಸದ್ದುಗಳೇ ಬೇರೆ. ನಾನು ಹೇಳುತ್ತಿರುವುದು ಬೂದು ಬಣ್ಣದ್ದರ ಬಗ್ಗೆ.

ಕೊಳ್ಳುವಾಗ ಆನ್ ಮಾಡಿಸಿ 16 ಪ್ಯಾಡನ್ನೂ ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ ಒತ್ತಿ ನೋಡಿ. ನಾಲ್ಕೂ ಔಟ್‌ಪುಟ್‌ಗೆ ಹೆಡ್‌ಫೋನ್ ಆಂಪ್ ಹಾಕಿ ಕೇಳಿ. ಅಡಾಪ್ಟರ್ ಜೊತೆಗೇ ಬರುತ್ತಾ ಅಂತ ಕೇಳಿ, ಬಂದರೆ ಅದರ ಮೇಲೆ ಎಸಿ ಅಂತ ಬರೆದಿದೆಯಾ ಅಂತ ತಿರುಗಿಸಿ ನೋಡಿ.