ಪುಕ್ಕಟೆ ಸಿಕ್ಕ ಎಸ್‌ಎಂಪಿಎಸ್ ಮತ್ತು ಹದಿನೈದು ಸಾವಿರದ ಹೊಗೆ

ಗೇಮಿಂಗ್ ಕಂಪ್ಯೂಟರ್ ಜೋಡಿಸಿಕೊಳ್ಳುವ ಹುಡುಗರಿಗಿಂತ, ಅವರ ಜೊತೆ ಚೌಕಾಸಿಗೆಂದು ಹೊರಡುವ ಮಾಮಂದಿರು, ಚಿಕ್ಕಪ್ಪಂದಿರು ಇದನ್ನು ಓದಬೇಕು. ನಾನು ಅಂಥ ಒಬ್ಬ ಮಾಮ.

ಅಕ್ಕನ ಮಗ ಎರಡು ತಿಂಗಳು ಕುಳಿತು 45,000 ರೂಪಾಯಿಗೆ ಹೊಂದುವ ಒಂದು ಪಟ್ಟಿ ಬರೆದಿದ್ದ. ಅದನ್ನು ಹಿಡಿದು ದಾವಣಗೆರೆಯಿಂದ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಗೆ ಬಂದೆವು. ರೈಜೆನ್ 5 5500 ಪ್ರೊಸೆಸರ್, ಬಿ450 ಮದರ್‌ಬೋರ್ಡ್, ಬಳಸಿದ ಆರ್‌ಎಕ್ಸ್ 580 ಗ್ರಾಫಿಕ್ಸ್ ಕಾರ್ಡ್, ಹೀಗೆ ಸಾಗಿದ ಪಟ್ಟಿಯ ಕೊನೆಯಲ್ಲಿ 550 ವ್ಯಾಟಿನ ಎಸ್‌ಎಂಪಿಎಸ್ ಇತ್ತು. ಬೆಲೆ 3,800. ಗೋಡೆಯ ಕರೆಂಟನ್ನು ಒಳಗೆ ಹಂಚುವ ತಗಡಿನ ಡಬ್ಬಿಗೆ ಇಷ್ಟೊಂದೇ ಎಂದು ನನಗೆ ಅನಿಸಿದ್ದನ್ನು ಅಂಗಡಿಯವನು ಮುಖದಲ್ಲೇ ಓದಿಕೊಂಡ.

“ಕ್ಯಾಬಿನೆಟ್ ಒಳಗೇ 450 ವ್ಯಾಟಿನದು ಬರುತ್ತದೆ ಸಾರ್, ಬೇರೆ ಯಾಕೆ?”

“ಮಾಮ, ಅದು ಬೇಡ” ಎಂದು ಹುಡುಗ ನನ್ನ ತೋಳು ಹಿಡಿದೆಳೆದ. ನಾನು ಗೆದ್ದವನ ಗತ್ತಿನಲ್ಲಿ ಸುಮ್ಮನಿರು ಎಂದೆ. ಜಿಎಸ್‌ಟಿ ಬಿಲ್ ಬೇಕಾದರೆ ಶೇಕಡಾ 18 ಸೇರುತ್ತದೆ ಎಂದಾಗ ಅದನ್ನೂ ಉಳಿಸಿದೆ. ಕೈಗೆ ಬಂದದ್ದು “ಕಂಪ್ಯೂಟರ್ ಸಾಮಾನು” ಎಂದು ಗೀಚಿ, ಕೆಳಗೆ ಮೊತ್ತ ಬರೆದ ಒಂದು ಚೀಟಿ.

ಮೊದಲ ಹತ್ತು ದಿನ ಎಲ್ಲವೂ ಸುಸೂತ್ರ. ಸಿನಿಮಾ ನೋಡುವಾಗ, ಪಾಠದ ವಿಡಿಯೊ ನೋಡುವಾಗ ಗ್ರಾಫಿಕ್ಸ್ ಕಾರ್ಡ್ ಹೆಚ್ಚು ವಿದ್ಯುತ್ ಎಳೆಯುವುದಿಲ್ಲ, ಹಾಗಾಗಿ ಬೇನೆ ತೋರುವುದೂ ಇಲ್ಲ. ಭಾರಿ ಆಟ ಹಾಕಿದಾಗ ಮಾತ್ರ ಪರದೆ ಕಪ್ಪಾಗಿ ಯಂತ್ರ ತಾನಾಗಿ ಮತ್ತೆ ಶುರುವಾಗತೊಡಗಿತು. ವಿಂಡೋಸ್ ಹೊಸದಾಗಿ ಹಾಕಿಸಿದೆವು. ಊರಿನ ವೋಲ್ಟೇಜನ್ನು ಬೈದೆವು. ಮೂರನೆಯ ವಾರ ಒಂದು ಸಂಜೆ ಕೋಣೆಯಲ್ಲಿ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಅಕ್ಕ ಅಡುಗೆಮನೆಯಿಂದ ಓಡಿ ಬಂದು ಪ್ಲಗ್ ಕಿತ್ತಳು. ಅಷ್ಟರಲ್ಲಿ ಕಾರ್ಡ್ ಮತ್ತು ಮದರ್‌ಬೋರ್ಡ್ ಎರಡೂ ಹೋಗಿದ್ದವು.

ನಮ್ಮೂರಿನ ರಿಪೇರಿಯವರು ಎಸ್‌ಎಂಪಿಎಸ್ ಬಿಚ್ಚಿ, ಅದರ ಬದಿಗೆ ಅಂಟಿಸಿದ್ದ ಚೀಟಿಯ ಮೇಲೆ ಬೆರಳಿಟ್ಟರು. ದಪ್ಪಕ್ಷರದಲ್ಲಿ 450 ವ್ಯಾಟ್. ಕೆಳಗೆ ಸಣ್ಣಕ್ಷರದಲ್ಲಿ, 12 ವೋಲ್ಟಿನ ಸಾಲಿನಲ್ಲಿ, 14 ಆಂಪಿಯರ್. “ಗುಣಿಸಿ ನೋಡಿ” ಎಂದರು. 168 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡಕ್ಕೂ ಅನ್ನ ಬರುವುದು ಈ 12 ವೋಲ್ಟಿನ ಸಾಲಿನಿಂದಲೇ. ಪ್ರೊಸೆಸರಿನ ಲೆಕ್ಕ 65 ವ್ಯಾಟ್, ಅಸಲಿ 580 ಕಾರ್ಡಿನ ಲೆಕ್ಕ 185, ಕೂಡಿದರೆ 250. 450ರಲ್ಲಿ ಉಳಿದ ವ್ಯಾಟುಗಳೆಲ್ಲ ಚೀಟಿಯನ್ನು ಅಲಂಕರಿಸಲು ಇದ್ದವು.

ನಾನು ಅಂಗಡಿಯಲ್ಲೇ ನೋಡಬಹುದಾಗಿದ್ದ ಇನ್ನೊಂದು ಗುರುತನ್ನೂ ಅವರು ತೋರಿಸಿದರು. ಆ ಎಸ್‌ಎಂಪಿಎಸ್‌ನಿಂದ ಗ್ರಾಫಿಕ್ಸ್ ಕಾರ್ಡಿಗೆಂದೇ ಹೊರಡುವ ತಂತಿ ಒಂದೂ ಇರಲಿಲ್ಲ. ಮೋಲೆಕ್ಸ್ ಎಂಬ ಹಳೆಯ ಕಾಲದ ನಾಲ್ಕು ಪಿನ್ನಿನ ಎರಡು ತುದಿಗಳಿಗೆ ಒಂದು ಅಡಾಪ್ಟರ್ ಸಿಕ್ಕಿಸಿ, ಅದನ್ನು ಕಾರ್ಡಿನ ಎಂಟು ಪಿನ್ನಿನ ಬಾಯಿಗೆ ತುರುಕಲಾಗಿತ್ತು. ಕರಗಿದ್ದು ಆ ಅಡಾಪ್ಟರ್. ಕಾರ್ಡಿಗೆ ಬೇಕಾದ ತಂತಿಯನ್ನೇ ಕೊಡದ ಎಸ್‌ಎಂಪಿಎಸ್, ಅಂಥ ಕಾರ್ಡನ್ನು ಹೊರಲು ತಯಾರಾದದ್ದೇ ಅಲ್ಲ.

ಇನ್ನು ಆ ಕಾರ್ಡಿನ ಕಥೆ. ಅಸಲಿ ಆರ್‌ಎಕ್ಸ್ 580ರಲ್ಲಿ ಇರಬೇಕಾದ ಶೇಡರ್ ಘಟಕಗಳು, ಅಂದರೆ ಚಿತ್ರ ಮೂಡಿಸುವ ಲೆಕ್ಕ ಮಾಡುವ ಪುಟ್ಟ ಘಟಕಗಳು, 2304. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ನಮ್ಮದರಲ್ಲಿ ತೋರಿಸಿದ್ದು 2048. ಚೀನಾದ ಮಾರುಕಟ್ಟೆಗೆಂದು 2018ರಲ್ಲಿ 580 ಎಂಬ ಹೆಸರಿನಲ್ಲೇ ಬಂದ ಮಾದರಿ ಅದು, ಒಳಗಿನ ಲೆಕ್ಕದಲ್ಲಿ ಒಂದು ಮೆಟ್ಟಿಲು ಕೆಳಗಿನ ಆರ್‌ಎಕ್ಸ್ 570 ಕಾರ್ಡಿನ ಅವಳಿ. 570ರ ಬೇಡಿಕೆ 150 ವ್ಯಾಟ್ ಎಂದಿಟ್ಟುಕೊಂಡರೂ ಪ್ರೊಸೆಸರ್ ಸೇರಿ 215, ಆ 168ನ್ನು ಮೀರಿದ್ದೇ. ಎಥೀರಿಯಂ ಎಂಬ ಡಿಜಿಟಲ್ ಹಣದ ಗಣಿಗಾರಿಕೆಯಲ್ಲಿ, ಅಂದರೆ ಲೆಕ್ಕ ಬಿಡಿಸಿ ಆ ಹಣ ಗಳಿಸುವ ಕೆಲಸದಲ್ಲಿ, ಹಗಲಿರುಳು ದುಡಿದ ಇಂಥ ಕಾರ್ಡುಗಳಿಗೆ 2022ರ ಸೆಪ್ಟೆಂಬರ್ ನಂತರ ಆ ಕೆಲಸ ತಪ್ಪಿತು. ಬಹಳಷ್ಟು ಹಳೆಯ ಸಾಮಾನಿನ ಪೇಟೆಗೆ ಬಂದವು. ನಮ್ಮದು ಅದರಲ್ಲೊಂದೇ, ಹೇಳಲಾರೆ. ಬೇಸರವಾದದ್ದು ಬೇರೆ ವಿಷಯಕ್ಕೆ: ಹುಡುಗ ಈ 2048ನ್ನು ಮೊದಲ ದಿನವೇ ನೋಡಿದ್ದ. “ನೀವು ಅಷ್ಟು ಖುಷಿಯಲ್ಲಿದ್ದಿರಿ ಮಾಮ, ಹೇಗೆ ಹೇಳಲಿ?” ಎಂದ.

ಅಂಗಡಿಗೆ ಫೋನ್ ಮಾಡಿದರೆ, ಸುಟ್ಟ ಸಾಮಾನಿಗೆ ವಾರಂಟಿ ಇಲ್ಲ ಎಂದರು. ಸರಣಿ ಸಂಖ್ಯೆ ನಮೂದಾಗದ ಚೀಟಿ ಹಿಡಿದು ವಾದ ಮಾಡುವುದೂ ಕಷ್ಟ. ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಆದರೆ ಅಲ್ಲಿಯೂ ಮೊದಲು ಬೇಕಾಗುವುದು ನಾನು ಬೇಡವೆಂದ ಆ ಬಿಲ್. ಅದೇ ರಸ್ತೆಯಲ್ಲಿ ಕೇಳದೆಯೇ ಬಿಲ್ ಕೊಟ್ಟು, ಪೆಟ್ಟಿಗೆ ಎದುರಿಗೇ ಒಡೆದು, ಸಂಖ್ಯೆ ತಾಳೆ ನೋಡಿ ಕೊಡುವವರೂ ಇದ್ದಾರೆ. ಅವರಲ್ಲಿ ಬೆಲೆ ತುಸು ಹೆಚ್ಚೆಂದು ನಾನೇ ಮುಂದೆ ನಡೆದಿದ್ದೆ.

ಕಾರ್ಡಿಗೆ 9,000, ಬೋರ್ಡಿಗೆ 6,000. ಈಗ 550 ವ್ಯಾಟಿನ ಎಸ್‌ಎಂಪಿಎಸ್, ಹೊಸ ಬೋರ್ಡ್ ಎರಡೂ ಬಿಲ್ ಸಮೇತ ಬಂದಿವೆ. ಆದರೆ 5500 ಪ್ರೊಸೆಸರಿನೊಳಗೆ ಗ್ರಾಫಿಕ್ಸ್ ಇಲ್ಲದ್ದರಿಂದ ಕಾರ್ಡ್ ಬರುವವರೆಗೆ ಪರದೆಯಲ್ಲಿ ಏನೂ ಕಾಣುವುದಿಲ್ಲ. ದುಡ್ಡು ನಾನೇ ಕೊಡುತ್ತಿದ್ದೇನೆ. ಅಂಗಡಿಗೆ ಮಾತ್ರ ಹುಡುಗನೊಬ್ಬನೇ ಹೋಗಬೇಕೆಂದು ಅಕ್ಕ ಹೇಳಿದ್ದಾಳೆ.