ಹಳೆ ಗಾಜಿನಲ್ಲಿ ಪುಟ್ಟ ತೋಟ: ಮುಚ್ಚಳದ ಜಾರೋ, ತೆರೆದ ಬಟ್ಟಲೋ?

ಟೆರೇರಿಯಂಗೆ, ಅಂದರೆ ಗಾಜಿನೊಳಗಿನ ಪುಟ್ಟ ತೋಟಕ್ಕೆ, ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಗಾಜು ಆರಿಸುವಾಗ ಮೊದಲು ಮುಚ್ಚಳ ಇದೆಯಾ ನೋಡಿ. ಯಾವ ಗಿಡ ಅನ್ನೋದು ಅದರ ಮೇಲೇ ನಿಂತಿದೆ.

ಮುಚ್ಚಳದ ಜಾರ್‌ನಲ್ಲಿ ತೇವ ಆವಿಯಾಗಿ, ಗಾಜಿನ ಮೇಲೆ ಹನಿಯಾಗಿ, ಮತ್ತೆ ಮಣ್ಣಿಗೇ ಇಳಿಯುತ್ತದೆ. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಮುಚ್ಚಿದ ಬಾಟಲಿಯಲ್ಲಿ ಜರೀಗಿಡ ಚಿಗುರಿದ್ದು ಕಂಡದ್ದೂ ಹೀಗೆಯೇ. ಪಾಚಿ (ಮಾಸ್), ಎಲೆಯಲ್ಲಿ ಬಣ್ಣದ ನರಗಳಿರುವ ಫಿಟೋನಿಯಾ ಇಲ್ಲಿ ಚೆನ್ನಾಗಿ ಬೆಳೆಯುತ್ತವೆ. ನೀರು ಅಪರೂಪಕ್ಕೆ ಸಾಕು. ನೇರ ಬಿಸಿಲಿಗೆ ಮಾತ್ರ ಇಡಬೇಡಿ, ಗಿಡ ಒಳಗೇ ಬೆಂದುಹೋಗುತ್ತದೆ. ಗಾಜು ದಿನವಿಡೀ ಮಂಜಾಗಿದ್ದರೆ ಸ್ವಲ್ಪ ಹೊತ್ತು ಮುಚ್ಚಳ ತೆಗೆಯಿರಿ.

ತೆರೆದ ಬಟ್ಟಲು ಹಾವೋರ್ತಿಯಾದಂಥ ಸಕ್ಯುಲೆಂಟ್‌ಗಳಿಗೆ, ಅಂದರೆ ದಪ್ಪ ಎಲೆಯಲ್ಲಿ ನೀರು ಹಿಡಿದಿಡುವ ಗಿಡಗಳಿಗೆ. ಒಳ್ಳೆ ಬೆಳಕು, ದಪ್ಪ ಮರಳು ಬೆರೆಸಿದ ಮಣ್ಣು ಬೇಕು. ತಳದಲ್ಲಿ ತೂತಿಲ್ಲ ಅಲ್ವಾ? ಕಲ್ಲಿನ ಪದರ ಹಾಕಿದರೂ ನೀರು ಹೊರಹೋಗುವುದಿಲ್ಲ. ಜಾಸ್ತಿ ಸುರಿದರೆ ಬೇರು ಕೊಳೆಯುತ್ತದೆ.

ಹೊಸಬರಿಗೆ ನಾನು ಜಾರ್ ಅನ್ನೇ ಹೇಳುತ್ತೇನೆ. ಬಣ್ಣದ ಗಾಜು ಬೇಡ, ಬೆಳಕು ತಡೆಯುತ್ತದೆ. ಕೈ ತೂರುವಷ್ಟು ಬಾಯಿ ಇರಲಿ.