ಮಾಚು ಪಿಚುವೋ, ಒಲ್ಯಾಂತಾಯ್ತಾಂಬೊವೋ?

ದಕ್ಷಿಣ ಅಮೆರಿಕದಲ್ಲಿ ಸ್ಪ್ಯಾನಿಷರು ಬರುವ ಮುನ್ನ ರಾಜ್ಯ ಆಳಿದ ಇಂಕಾ ಜನರ ಬದುಕು ಅರಿಯಲೆಂದೇ ಪೆರುವಿಗೆ ಹೊರಟಿದ್ದರೆ ಯಾವ ಊರಿಗೆ ಹೆಚ್ಚು ಹೊತ್ತು ಕೊಡಬೇಕು?

ಮಾಚು ಪಿಚು ಕಣ್ಣಿಗೆ ಹಬ್ಬ, ಅನುಮಾನವೇ ಇಲ್ಲ. ಸುಮಾರು 2,430 ಮೀಟರ್ ಎತ್ತರದಲ್ಲಿ, 15ನೇ ಶತಮಾನದಲ್ಲಿ ಕಟ್ಟಿದ್ದು. ದೊರೆ ಪಚಾಕುತಿಯ ಬಿಡಾರವೆಂದು ಹೆಚ್ಚಿನ ವಿದ್ವಾಂಸರ ಮಾತು. ಗುಡಿಗಳ ಕಲ್ಲುಗಳು ಗಾರೆಯಿಲ್ಲದೆ ಒಂದಕ್ಕೊಂದು ಕಚ್ಚಿಕೊಂಡಿವೆ. ಆದರೆ ಅಲ್ಲೀಗ ಯಾರೂ ವಾಸವಿಲ್ಲ. ಟಿಕೆಟ್ಟಿನಲ್ಲಿ ಗೊತ್ತುಮಾಡಿದ ದಾರಿಯಲ್ಲೇ ನಡೆಯಬೇಕು.

ಒಲ್ಯಾಂತಾಯ್ತಾಂಬೊ ಹಾಗಲ್ಲ. ಇಂಕಾಗಳು ಹಾಕಿದ ಇಕ್ಕಟ್ಟಾದ ಬೀದಿಗಳಲ್ಲಿ ಇಂದಿಗೂ ಜನ ಸಂಸಾರ ಹೂಡಿದ್ದಾರೆ. ಬೀದಿಯಂಚಿನ ಕಲ್ಲುಕಾಲುವೆಯಲ್ಲಿ ಬೆಟ್ಟದ ನೀರು ಜುಳುಜುಳು ಹರಿಯುತ್ತದೆ. ತಲೆಯೆತ್ತಿದರೆ ಪಿಂಕುಯ್ಲ್ಯುನಾ ಬೆಟ್ಟದ ಕಡಿದಾದ ಮೈಗೆ ಅಂಟಿಕೊಂಡ ಕಲ್ಲಿನ ಕಣಜಗಳು. ಎತ್ತರದ ಗಾಳಿಯೂ ತಂಪೂ ಸೇರಿ ದವಸ ಕೆಡದಂತೆ ಕಾಯುತ್ತಿದ್ದವು. ಇಂಕಾ ಸಮಾಜದ ಗುಟ್ಟು ನನಗೆ ಕಾಣುವುದು ಈ ಕಣಜಗಳಲ್ಲೇ. ನಾಣ್ಯವಿಲ್ಲದ ಆ ರಾಜ್ಯಕ್ಕೆ ಜನ ತೆರಿಗೆಯ ಬದಲು ಸರದಿಯ ಮೇಲೆ ದುಡಿಮೆ ಕೊಡುತ್ತಿದ್ದರು. ಅದಕ್ಕೆ ‘ಮಿಟಾ’ ಎಂದು ಹೆಸರು. ಆ ದುಡಿಮೆಯ ಬೆಳೆ ಸೈನ್ಯಕ್ಕೂ ಬರಗಾಲಕ್ಕೂ ಒದಗುತ್ತಿತ್ತು. 1537ರಲ್ಲಿ ಇಂಕಾ ದೊರೆ ಮಾಂಕೊ ಇಂಕಾ ಸ್ಪ್ಯಾನಿಷರ ದಂಡನ್ನು ಹಿಮ್ಮೆಟ್ಟಿಸಿದ್ದೂ ಇಲ್ಲೇ.

ನಾನಾದರೆ ಒಲ್ಯಾಂತಾಯ್ತಾಂಬೊವನ್ನೇ ಆರಿಸುತ್ತೇನೆ. ಮಾಚು ಪಿಚುವಿನ ಹೆಚ್ಚಿನ ರೈಲುಗಳು ಹೊರಡುವುದೂ ಇಲ್ಲಿಂದಲೇ. ಎರಡು ರಾತ್ರಿ ತಂಗಿದರೆ ಎರಡೂ ದಕ್ಕುತ್ತವೆ.